ಹೊರಗಿನ ಸಂಸ್ಥೆಯಿಂದ ಬರೋ ಸ್ಕೂಲ್ ಕೌನ್ಸೆಲಿಂಗ್ ಸರ್ವಿಸ್: ಕ್ಲಾಸ್ ಟೀಚರ್ ಒಬ್ಬಳ ರಿವ್ಯೂ, 5ಕ್ಕೆ 4

ನಾನು ಹೈಸ್ಕೂಲ್ ಕ್ಲಾಸ್ ಟೀಚರ್. ಹೋದ ವರ್ಷದಿಂದ ನಮ್ಮ ಸ್ಕೂಲಿಗೆ ಹೊರಗಿನ ಒಂದು ಸಂಸ್ಥೆಯ ಕೌನ್ಸೆಲರ್‌ಗಳು ವಾರಕ್ಕೆ ಎರಡು ದಿನ ಬರ್ತಿದಾರೆ. ಬೇರೆ ಸ್ಕೂಲಿನ ಟೀಚರ್‌ಗಳು, ಪೇರೆಂಟ್ಸು ಇಂಥ ಸರ್ವಿಸ್ ಹೇಗಿರುತ್ತೆ ತಗೋಬಹುದಾ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದ್ಸಲ ಪೂರ್ತಿಯಾಗಿ ಬರೆದುಬಿಡೋಣ ಅಂತ. ಸಂಸ್ಥೆ ಹೆಸರು ಹಾಕ್ತಿಲ್ಲ. ಹೆಸರು ಹಾಕಿದ್ರೆ ಸ್ಕೂಲು ಯಾವುದು ಅಂತ ಗೊತ್ತಾಗುತ್ತೆ, ಸ್ಕೂಲು ಗೊತ್ತಾದ್ರೆ ಕ್ಲಾಸು, ಕ್ಲಾಸು ಗೊತ್ತಾದ್ರೆ ಮಗು. ಮಕ್ಕಳ ಬಗ್ಗೆ ಬರೆದಿರೋ ಕಡೆನೂ ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ.

ಮೊದಲೇ ಹೇಳಿಬಿಡ್ತೀನಿ, ಸರ್ವಿಸ್ ಚೆನ್ನಾಗಿದೆ. ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅನ್ನೋದು ಕೊನೇಲಿ ಬರುತ್ತೆ. ಆದ್ರೆ ಚೆನ್ನಾಗಿದೆ ಅಂತ ನಾನು ಅಳೆದಿದ್ದು ಎಷ್ಟು ಮಕ್ಕಳು ಹೋದ್ರು, ಎಷ್ಟು ಸೆಷನ್ ಆಯ್ತು ಅನ್ನೋದರಲ್ಲಲ್ಲ. ಮಗು ಹೇಳಿದ ಮಾತು ಆ ರೂಮಿಂದ ಆಚೆಗೆ ಎಷ್ಟು ಬರುತ್ತೆ, ಯಾರ ಹತ್ರ ಬರುತ್ತೆ, ಬರೋಕೆ ಮುಂಚೆ ಮಗುಗೆ ಗೊತ್ತಿರುತ್ತಾ, ಇಷ್ಟನ್ನೇ ನಾನು ನೋಡಿದ್ದು. ಯಾಕಂದ್ರೆ ಕ್ಲಾಸ್ ಟೀಚರ್ ಕೆಲಸ ಅಂದ್ರೆ ಪಾಠ ಒಂದೇ ಅಲ್ವಲ್ಲ, ಮಗು ಊಟ ಬಿಟ್ಟಿದ್ಯಾ, ಯಾಕೆ ಸಪ್ಪಗಿದೆ, ಯಾರ ಜೊತೆ ಓಡಾಡ್ತಿದೆ, ಮನೇಲಿ ಏನಾದ್ರೂ ಆಗ್ತಿದ್ಯಾ ಅಂತ ನೋಡ್ಕೊಳ್ಳೋ ಜವಾಬ್ದಾರಿನೂ ನಮ್ಮ ತಲೆ ಮೇಲೇ ಇರುತ್ತೆ. ಆ ಜವಾಬ್ದಾರಿಗೆ ಮಾಹಿತಿ ಬೇಕು. ಕೌನ್ಸೆಲರ್ ಕೆಲಸಕ್ಕೆ ಮೌನ ಬೇಕು. ಇವೆರಡೂ ಒಂದೇ ಕಾರಿಡಾರಲ್ಲಿ ದಿನಾ ಎದುರಾಗ್ತವೆ.

ಈ ಸಂಸ್ಥೆ ಮಾಡೋ ಅತಿ ಒಳ್ಳೆ ಕೆಲಸ ಅಂದ್ರೆ ಮೊದಲ ಸೆಷನ್‌ನ ಮೊದಲ ಐದು ನಿಮಿಷ. ಮಗು ಬಾಯಿ ಬಿಡೋಕೆ ಮುಂಚೆನೇ ಅವರು ಹೇಳ್ತಾರೆ: "ನೀನು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಆದ್ರೆ ಮೂರು ವಿಷಯಕ್ಕೆ ನಾನು ಬೇರೆಯವರ ಹತ್ರ ಮಾತಾಡಲೇಬೇಕಾಗುತ್ತೆ. ನಿನಗೆ ನೀನೇ ಏನಾದ್ರೂ ಮಾಡ್ಕೊಳ್ತೀಯ ಅಂತ ಅನ್ನಿಸಿದ್ರೆ, ನಿನಗೆ ಯಾರಾದ್ರೂ ತೊಂದ್ರೆ ಕೊಡ್ತಿದಾರೆ ಅಂತ ಗೊತ್ತಾದ್ರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದೆ ಅಂದ್ರೆ. ಆಗಲೂ ಮೊದಲು ನಿನಗೇ ಹೇಳ್ತೀನಿ." ಇದನ್ನ ದೊಡ್ಡ ಮಕ್ಕಳಿಗೆ ಒಂದು ಥರ, ಚಿಕ್ಕವರಿಗೆ ಇನ್ನೊಂದು ಥರ ಹೇಳ್ತಾರೆ, ಆಮೇಲೆ "ಈಗ ನೀನು ನನಗೆ ಹೇಳು, ಏನು ಅರ್ಥ ಆಯ್ತು" ಅಂತ ಮಗು ಬಾಯಲ್ಲೇ ಹೇಳಿಸ್ತಾರೆ. ಎರಡನೇ ಮೂರನೇ ಸೆಷನ್‌ಗೂ ನೆನಪು ಮಾಡ್ತಾರೆ, ಯಾಕಂದ್ರೆ ಮೊದಲ ದಿನದ ಗಾಬರೀಲಿ ಯಾವ ಮಗುಗೂ ಇದೆಲ್ಲ ತಲೇಲಿ ಉಳಿಯಲ್ಲ.

ಕೇಳೋಕೆ ಸಣ್ಣ ವಿಷಯ ಅನ್ಸುತ್ತೆ. ಆದ್ರೆ "ಯಾರಿಗೂ ಹೇಳಲ್ಲ, ಪ್ರಾಮಿಸ್" ಅಂತ ಪ್ರೀತಿಯಿಂದ ಮಾತು ಕೊಟ್ಟು ಆಮೇಲೆ ಮುರಿಯಬೇಕಾಗಿ ಬಂದ ದೊಡ್ಡವರು ಎಲ್ಲ ಸ್ಕೂಲಲ್ಲೂ ಸಿಗ್ತಾರೆ, ಆ ಮಗು ಆಮೇಲೆ ಯಾರನ್ನೂ ನಂಬಲ್ಲ. ಇಂಗ್ಲೆಂಡಲ್ಲಿ ಸ್ಕೂಲುಗಳಿಗೆ ಅಂತ ಸರ್ಕಾರ ಕೊಟ್ಟಿರೋ ಮಕ್ಕಳ ಸುರಕ್ಷತೆಯ ಮಾರ್ಗಸೂಚಿಯಲ್ಲಿ ಇದನ್ನ ನೇರವಾಗಿ ಬರೆದಿದಾರೆ, ದೌರ್ಜನ್ಯದ ವಿಷಯ ಹೇಳ್ಕೊಳ್ಳೋ ಮಗುಗೆ ಯಾರಿಗೂ ಹೇಳಲ್ಲ ಅಂತ ಸಿಬ್ಬಂದಿ ಯಾವತ್ತೂ ಮಾತು ಕೊಡಬಾರದು ಅಂತ. ಇದು ಬರೀ ಕೌನ್ಸೆಲರ್‌ಗೆ ಅಲ್ಲ, ಅಲ್ಲಿ ಕೆಲಸ ಮಾಡೋ ಎಲ್ಲರಿಗೂ. ಈ ಸಂಸ್ಥೆಯೋರು ವರ್ಷದ ಶುರುವಲ್ಲಿ ನಮಗೆ ಕೊಟ್ಟ ಟ್ರೈನಿಂಗ್‌ನಲ್ಲಿ ಇದನ್ನೇ ಮೊದಲು ಹೇಳಿದ್ದು, ಲೈಬ್ರರಿಯೋರು, ಪಿಟಿ ಮಾಸ್ಟರು, ಆಫೀಸ್ ಸಿಬ್ಬಂದಿ, ಆಯಾಗಳನ್ನೂ ಕೂರಿಸ್ಕೊಂಡು. ಸರಿಯಾಗೇ ಮಾಡಿದ್ರು, ಮಕ್ಕಳು ಮನಸ್ಸು ಬಿಚ್ಚೋದು ಯಾರ ಹತ್ರ ಅಂತ ಯಾರಿಗೆ ಗೊತ್ತು.

ಈಗ ಟೀಚರ್‌ಗಳಿಗೆ ಏನು ಸಿಗುತ್ತೆ ಅನ್ನೋ ವಿಷಯ. ಇಲ್ಲೇ ನಮ್ಮ ಸ್ಟಾಫ್ ರೂಮಲ್ಲಿ ಜಾಸ್ತಿ ಅಸಮಾಧಾನ ಇದ್ದಿದ್ದು. ಮಗುನ ಕಳಿಸೋರು ನಾವು, ಕಳಿಸಿದ ಮೇಲೆ ನಮಗೆ ಬರೋದು ಚಿಕ್ಕ ಒಂದು ನೋಟು. ಅದರಲ್ಲಿ ಮಗುಗೆ ಏನಾಗಿದೆ ಅಂತ ಇರಲ್ಲ, ನಾವು ಏನು ಮಾಡಬೇಕು ಅಂತ ಮಾತ್ರ ಇರುತ್ತೆ. "ಎರಡು ವಾರ ಹೋಮ್‌ವರ್ಕ್‌ಗೆ ಸ್ವಲ್ಪ ಟೈಮ್ ಜಾಸ್ತಿ ಕೊಡಿ. ಕ್ಲಾಸಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿ ಓದಿಸಬೇಡಿ. ಆಚೆ ಹೋಗ್ತೀನಿ ಅಂದ್ರೆ ಕಾರಣ ಕೇಳದೆ ಬಿಡಿ, ಐದು ನಿಮಿಷದಲ್ಲಿ ವಾಪಸ್ ಬರದಿದ್ರೆ ನಮಗೆ ತಿಳಿಸಿ." ಅಷ್ಟೇ. ಇಷ್ಟನ್ನ ಹೇಳೋಕೂ ಮಗು ಒಪ್ಪಿಗೆ ತಗೊಂಡಿರ್ತಾರೆ, ನೋಟಲ್ಲಿ ಏನು ಬರೀತಿದೀವಿ ಅಂತ ಮಗುಗೆ ತೋರಿಸಿರ್ತಾರೆ.

ನಮ್ಮ ಸೀನಿಯರ್ ಟೀಚರ್ ಒಬ್ಬರು ಇದಕ್ಕೆ ತುಂಬಾ ಸಿಟ್ಟಾಗಿದ್ರು, "ದಿನಕ್ಕೆ ಆರು ಗಂಟೆ ಆ ಮಕ್ಕಳ ಜೊತೆ ಇರೋರು ನಾವು, ನಮಗೇ ಹೇಳಲ್ಲ ಅಂದ್ರೆ ಹೇಗೆ" ಅಂತ. ಅವರ ಮಾತು ಸುಮ್ನೆ ತಳ್ಳಿಹಾಕೋ ಥರದ್ದಲ್ಲ. ಮಾಹಿತಿ ಹಂಚ್ಕೊಳ್ಳದೆ ಮಕ್ಕಳು ಸತ್ತಿರೋ ಉದಾಹರಣೆ ಇವೆ. 2000ನೇ ಇಸವೀಲಿ ಲಂಡನ್‌ನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಅನ್ನೋ 8 ವರ್ಷದ ಹುಡುಗಿ ತನ್ನನ್ನ ನೋಡ್ಕೋಬೇಕಾದವರ ಹಿಂಸೆಯಿಂದಲೇ ತೀರಿಕೊಂಡ್ಳು, ಅದಕ್ಕೆ ಮುಂಚೆ ಆಸ್ಪತ್ರೆ, ಪೊಲೀಸು, ಸಮಾಜಸೇವಾ ಇಲಾಖೆ ಎಲ್ಲರ ಕಣ್ಣಿಗೂ ಬಿದ್ದಿದ್ಳು, ಒಬ್ಬೊಬ್ಬರ ಹತ್ರ ಒಂದೊಂದು ಚೂರು ಮಾಹಿತಿ ಇತ್ತು, ಯಾರೂ ಸೇರಿಸಿ ನೋಡಲಿಲ್ಲ. 2003ರಲ್ಲಿ ಬಂದ ಲಾರ್ಡ್ ಲೇಮಿಂಗ್ ವಿಚಾರಣಾ ವರದಿ ಇದನ್ನೆಲ್ಲ ಬಿಚ್ಚಿಟ್ಟಿತು, ಮುಂದಿನ ವರ್ಷ ಅಲ್ಲಿ ಕಾನೂನೇ ಬದಲಾಯ್ತು. ಹಾಗಾಗಿ ಟೀಚರ್‌ಗೆ ಏನೂ ಹೇಳದೆ ಇರೋದೇ ದೊಡ್ಡ ನೀತಿ ಅಂತ ನಾನೂ ಒಪ್ಪಲ್ಲ.

ಆದ್ರೆ ಈ ಸಂಸ್ಥೆ ಏನು ಮಾಡಿದೆ ಅಂದ್ರೆ ದಾರೀನ ಒಂದು ಕಡೆಗೆ ಪೂರ್ತಿ ತೆರೆದಿಟ್ಟಿದೆ. ನಾವು ಅವರಿಗೆ ಏನು ಬೇಕಾದ್ರೂ ಹೇಳಬಹುದು. ಮಗು ತೋಳಿನ ಮೇಲೆ ಗಾಯ ಕಾಣ್ತು, ಸೋಮವಾರ ಸೋಮವಾರ ರಜ ಹಾಕ್ತಿದೆ, ಊಟದ ಡಬ್ಬಿ ಹಾಗೇ ವಾಪಸ್ ಹೋಗ್ತಿದೆ, ಎಲ್ಲವನ್ನೂ ಬರೆದು ಕೊಡೋಕೆ ಒಂದು ಫಾರ್ಮ್ ಇದೆ, ಅದು ನೇರವಾಗಿ ಕೌನ್ಸೆಲರ್ ಮತ್ತೆ ಮಕ್ಕಳ ಸುರಕ್ಷತೆಗೆ ಅಂತ ಸ್ಕೂಲ್ ನೇಮಿಸಿರೋ ಒಬ್ಬ ಟೀಚರ್ ಹತ್ರ ಹೋಗುತ್ತೆ. ಚೂರುಗಳನ್ನ ಸೇರಿಸಿ ನೋಡೋ ಕೆಲಸ ಅಲ್ಲಿ ನಡೆಯುತ್ತೆ. ಅವರಿಂದ ನಮ್ಮ ಕಡೆಗೆ ಬರೋದು ಮಾತ್ರ ಸೋಸಿ ಬರುತ್ತೆ. ಈ ಏರ್ಪಾಡು ನನಗೆ ಸರಿ ಅನ್ನಿಸ್ತು. ನಮ್ಮ ಕ್ಲಾಸಿನ ಒಬ್ಬ ಹುಡುಗೀನ ನೋಡ್ಕೊಳ್ಳೋಕೆ ನನಗೆ ಅವಳ ಮನೆ ಕಥೆ ಬೇಕಾಗಿರಲಿಲ್ಲ, ಎಲ್ಲರ ಮುಂದೆ ನಿಲ್ಲಿಸಬೇಡಿ ಅನ್ನೋ ಒಂದು ಸಾಲು ಸಾಕಾಯ್ತು, ನಿಜವಾಗ್ಲೂ ಸಾಕಾಯ್ತು, ಆ ಹುಡುಗಿ ತಿಂಗಳು ಕಳೆಯೋದ್ರೊಳಗೆ ತಾನಾಗೇ ಕೈ ಎತ್ತೋಕೆ ಶುರು ಮಾಡಿದ್ಳು.

ಇನ್ನು ನಿಜವಾದ ಪರೀಕ್ಷೆ. ನಮ್ಮ ಕ್ಲಾಸಿನ ಒಂದು ಮಗು ಬಗ್ಗೆ ಅದರ ಫ್ರೆಂಡ್ ಬಂದು ಕೌನ್ಸೆಲರ್ ಹತ್ರ ಹೇಳ್ತು, ರಾತ್ರಿ ಹೊತ್ತು ತುಂಬಾ ಭಯ ಆಗೋ ಥರ ಮೆಸೇಜ್ ಹಾಕ್ತಿದೆ, ಬದುಕೋಕೆ ಇಷ್ಟ ಇಲ್ಲ ಅಂತಿದೆ ಅಂತ. ಕೌನ್ಸೆಲರ್ ಅವತ್ತೇ ಆ ಮಗುನ ಕರೆದು ಕೂರಿಸಿ ಸುತ್ತಿಬಳಸದೆ ನೇರವಾಗಿ ಕೇಳಿದ್ರು, ಸಾಯಬೇಕು ಅನ್ನೋ ಯೋಚನೆ ಬಂದಿದ್ಯಾ ಅಂತ. ಹೀಗೆ ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಆ ಹೆದರಿಕೆಗೆ ಆಧಾರ ಇಲ್ಲ ಅಂತ ಸಂಶೋಧನೆಗಳಲ್ಲಿ ಕಂಡುಬಂದಿದೆ, ಕೇಳಿದ್ರೆ ಎಷ್ಟೋ ಮಕ್ಕಳಿಗೆ ಸದ್ಯ ಒಬ್ಬರಾದ್ರೂ ಕೇಳಿದ್ರಲ್ಲ ಅಂತ ಎದೆ ಹಗುರ ಆಗುತ್ತೆ. ಮಗು ಮಾತ್ರ ಇಲ್ಲ ಅಂತು. ತಮಾಷೆಗೆ ಹಾಕಿದ್ದು ಅಂತು. ಅಪ್ಪ ಅಮ್ಮನಿಗೆ ಹೇಳಬೇಡಿ ಅಂತ ಅಳ್ತು.

ಇಲ್ಲಿ ನಿಂತು ಯೋಚನೆ ಮಾಡಿ. ಮಗು ಇಲ್ಲ ಅಂದಿದೆ, ಹೇಳಬೇಡಿ ಅಂದಿದೆ. ಗುಟ್ಟು ಕಾಪಾಡ್ತೀನಿ ಅಂದವರು ಸುಮ್ಮನಿರಬೇಕಾ? ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹೀಗೇ ಆಗಿತ್ತು. 13 ವರ್ಷದ ಹುಡುಗಿ ಸಾಯೋ ಮಾತಾಡ್ತಿದಾಳೆ ಅಂತ ಅವಳ ಫ್ರೆಂಡ್ಸ್ ಹೇಳಿದ್ದು ಸ್ಕೂಲ್ ಕೌನ್ಸೆಲರ್‌ಗಳಿಗೆ ಗೊತ್ತಾಯ್ತು, ಅವರು ಕರೆದು ಕೇಳಿದ್ರು, ಹುಡುಗಿ ಇಲ್ಲ ಅಂದ್ಳು, ಮನೆಗೆ ತಿಳಿಸಲಿಲ್ಲ, ಆಮೇಲೆ ಆ ಹುಡುಗಿ ಉಳೀಲಿಲ್ಲ. ಐಸೆಲ್ ಕೇಸ್ ಅಂತಾರೆ ಇದನ್ನ. 1991ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟ್ ಹೇಳಿದ್ದು ಏನಂದ್ರೆ, ಮಗು ಹೀಗೆ ಮಾಡ್ಕೊಳ್ಳೋ ಸೂಚನೆ ಕೌನ್ಸೆಲರ್‌ಗೆ ಸಿಕ್ಕಿದ್ರೆ ಅದನ್ನ ತಡೆಯೋಕೆ ಸಾಧ್ಯವಾದ ಪ್ರಯತ್ನ ಮಾಡೋದು ಅವರ ಕರ್ತವ್ಯ, ಅಪ್ಪ ಅಮ್ಮನಿಗೆ ಎಚ್ಚರಿಕೆ ಕೊಡೋದೂ ಅದರಲ್ಲಿ ಸೇರುತ್ತೆ. ಮಗು ಇಲ್ಲ ಅಂದುಬಿಟ್ರೆ ಆ ಕರ್ತವ್ಯ ಮುಗೀತು ಅಂತ ಆಗಲ್ಲ.

ನಮ್ಮ ಕೌನ್ಸೆಲರ್ ಮೇಡಂ ಮನೆಗೆ ಹೇಳಿದ್ರು. ಹೇಳಿದ ರೀತಿಗೆ ನಾನು ಐದಕ್ಕೆ ಆರು ಬೇಕಾದ್ರೂ ಕೊಡ್ತೀನಿ. ಮೊದಲು ಮಗುಗೆ ಹೇಳಿದ್ರು, "ನಾವು ಮೊದಲ ದಿನ ಮಾತಾಡ್ಕೊಂಡ ಮೂರು ವಿಷಯದಲ್ಲಿ ಇದು ಒಂದು, ನಿನಗೆ ಕೋಪ ಬರುತ್ತೆ ಅಂತ ಗೊತ್ತು, ಆದ್ರೂ ಹೇಳ್ತೀನಿ" ಅಂತ. ಆಮೇಲೆ ಆಯ್ಕೆ ಕೊಟ್ರು. ಅಮ್ಮನಿಗೆ ಹೇಳೋಣ್ವಾ ಅಪ್ಪನಿಗಾ, ನೀನೇ ಹೇಳ್ತೀಯಾ ನಾನು ಪಕ್ಕದಲ್ಲಿ ಇರ್ಲಾ, ಯಾವ ಮಾತು ಹೇಳೋದು ಬೇಡ. ಮಗು ಅಮ್ಮನಿಗೆ ಅಂತು. ಮೆಸೇಜ್ ವಿಷಯ ಹೇಳಿ, ಯಾರ ಹತ್ರ ಜಗಳ ಆಯ್ತು ಅನ್ನೋದು ಬೇಡ ಅಂತು. ಹಾಗೇ ಮಾಡಿದ್ರು. ಅಮ್ಮ ಬರೋವರೆಗೆ ಮಗುನ ಒಂಟಿಯಾಗಿ ಬಿಡಲಿಲ್ಲ, ಬಂದ ಮೇಲೆ ಮನೇಲಿ ಯಾವ್ಯಾವ ವಸ್ತು ಕೈಗೆ ಸಿಗದ ಹಾಗೆ ಎತ್ತಿಡಬೇಕು, ಯಾವ ಡಾಕ್ಟರ್ ಹತ್ರ ಹೋಗಬೇಕು, ರಾತ್ರಿ ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಕೊಟ್ರು. ನನಗೆ ಬಂದಿದ್ದು "ಈ ಮಗು ಕ್ಲಾಸಿಂದ ಒಬ್ಬಂಟಿಯಾಗಿ ಹೋಗೋದು ಬೇಡ, ಮುಂದಿನ ಸೂಚನೆವರೆಗೆ" ಅನ್ನೋ ಒಂದೇ ಸಾಲು. ವಿಷಯ ತಂದ ಫ್ರೆಂಡನ್ನೂ ಮರೀಲಿಲ್ಲ, ಆ ಮಗುನ ಬೇರೆ ಕರೆದು ನೀನು ಚಾಡಿ ಹೇಳಿಲ್ಲ ಅಂತ ಧೈರ್ಯ ಹೇಳಿದ್ರು. ಮೆಸೇಜ್ ಹಾಕಿದ್ದ ಮಗು ಮೊದಲ ವಾರ ಕೌನ್ಸೆಲರ್ ಮುಖನೂ ನೋಡಲಿಲ್ಲ, ಆಮೇಲೆ ತಾನಾಗೇ ವಾಪಸ್ ಹೋಯ್ತು. ಯಾಕೆ ಹೋಯ್ತು ಅಂತ ನಾನು ಕೇಳಿಲ್ಲ, ಆದ್ರೆ ಹೇಳಿದ ಮಾತಿಗೆ ಹೇಳಿದ ಹಾಗೇ ನಡ್ಕೊಂಡ್ರಲ್ಲ, ಅದಕ್ಕೇ ಇರಬೇಕು ಅಂತ ನನ್ನ ನಂಬಿಕೆ.

ಪೇರೆಂಟ್ಸ್ ವಿಷಯಕ್ಕೆ ಬರ್ತೀನಿ. ಒಬ್ಬರು ಬಂದು ನಮ್ಮ ಮಗಳು ಏನೇನು ಹೇಳಿದಾಳೆ ಪೂರ್ತಿ ಫೈಲ್ ಕೊಡಿ, ನಾವು ಹೆತ್ತವರು, ನಮಗೆ ಹಕ್ಕಿದೆ ಅಂತ ಪಟ್ಟು ಹಿಡಿದ್ರು. ಅವರ ಸಂಕಟ ನನಗೆ ಅರ್ಥ ಆಗುತ್ತೆ, ಮಗಳು ಮನೇಲಿ ಮಾತು ಬಿಟ್ಟು ಬೇರೆ ಯಾರೋ ಹತ್ರ ಮಾತಾಡ್ತಾಳೆ ಅಂದ್ರೆ ಯಾವ ಅಪ್ಪನಿಗೆ ನೋವಾಗಲ್ಲ ಹೇಳಿ. ಕೌನ್ಸೆಲರ್ ಕಾನೂನು ತೋರಿಸಿ ಬಾಗಿಲು ಹಾಕಲಿಲ್ಲ. "ಸರ್, ನಿಮಗೆ ಏನು ಭಯ ಆಗ್ತಿದೆ ಮೊದಲು ಅದನ್ನ ಹೇಳಿ" ಅಂತ ಕೂರಿಸಿ ಕೇಳಿದ್ರು. ಪ್ರಾಣಕ್ಕೆ ಅಪಾಯ ಇರೋ ವಿಷಯ ಇದ್ರೆ ಅವತ್ತೇ ನಿಮಗೆ ಫೋನ್ ಬಂದಿರೋದು, ಬಂದಿಲ್ಲ ಅಂದ್ರೆ ಆ ಥರದ್ದು ಕಂಡಿಲ್ಲ ಅಂತ ಅರ್ಥ ಅಂದ್ರು. ಮಗಳ ಒಪ್ಪಿಗೆ ತಗೊಂಡು ಮೂರೂ ಜನ ಸೇರಿ ಕೂತು ಮಾತಾಡೋ ಸೆಷನ್ ಇಟ್ರು.

ಈ ಹಕ್ಕಿನ ವಿಷಯ ಎಲ್ಲ ದೇಶದಲ್ಲೂ ಒಂದೇ ಥರ ಇಲ್ಲ ಅನ್ನೋದನ್ನ ತಿಳ್ಕೊಂಡಿರಬೇಕು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1985ರಲ್ಲಿ ಗಿಲಿಕ್ ಕೇಸಲ್ಲಿ, 16 ತುಂಬದೇ ಇದ್ರೂ ವಿಷಯವನ್ನ ಪೂರ್ತಿ ಅರ್ಥ ಮಾಡ್ಕೊಳ್ಳೋ ತಿಳಿವಳಿಕೆ ಇರೋ ಮಗು ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು ಅಂತು. ಅದು ಡಾಕ್ಟರ್ ವಿಷಯದಲ್ಲಿ ಬಂದ ತೀರ್ಪಾದ್ರೂ ಅಲ್ಲಿನ ಸ್ಕೂಲ್ ಕೌನ್ಸೆಲರ್‌ಗಳು ಅದೇ ಅಳತೆ ಇಟ್ಕೊಂಡು ನಡೀತಾರೆ. ಬೇರೆ ಕಡೆ ಹೆತ್ತವರ ಹಕ್ಕು ಇನ್ನೂ ಜಾಸ್ತಿ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ನೋಡಿದ್ರೆ 3ನೇ ವಿಧಿ ಮಗುವಿನ ಹಿತವನ್ನ ಮುಂದೆ ಇಡುತ್ತೆ, 12ನೇ ವಿಧಿ ಮಗುವಿನ ಮಾತು ಕೇಳಿ ಅನ್ನುತ್ತೆ, 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಅನ್ನುತ್ತೆ, 19ನೇ ವಿಧಿ ಹಿಂಸೆಯಿಂದ ಕಾಪಾಡಿ ಅನ್ನುತ್ತೆ. ಇವು ನಾಲ್ಕೂ ಒಂದೇ ಮಗುವಿನ ಹಕ್ಕುಗಳು ಅನ್ನೋದನ್ನ ನೆನಪಿಟ್ಕೊಂಡ್ರೆ ಅರ್ಧ ಜಗಳ ಇರಲ್ಲ.

ದೌರ್ಜನ್ಯದ ವಿಷಯದಲ್ಲಿ ಮಾತ್ರ ಕೌನ್ಸೆಲರ್‌ಗೆ ಯೋಚನೆ ಮಾಡ್ತಾ ಕೂರೋಕೆ ಅವಕಾಶ ಇರಲ್ಲ. ಭಾರತದ 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಯಾರೇ ಆಗಿರಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ರೆ ಅದೇ ಅಪರಾಧ. ಬೇರೆ ಎಷ್ಟೋ ದೇಶದಲ್ಲೂ ಟೀಚರ್, ಡಾಕ್ಟರ್‌ಗಳ ಮೇಲೆ ಇಂಥ ಹೊಣೆ ಇದೆ. ಇಂಥದ್ದರಲ್ಲಿ ಮನೆಗೆ ಹೇಳೋ ಅಭ್ಯಾಸವೇ ತಿರುಗುಬಾಣ ಆಗಬಹುದು, ತೊಂದ್ರೆ ಕೊಡ್ತಿರೋದು ಮನೆಯೋರೇ ಆಗಿದ್ರೆ ಮೊದಲ ಫೋನು ಮನೆಗೆ ಹೋಗಬಾರದು. ಈ ಸಂಸ್ಥೆಯ ಲಿಖಿತ ನಿಯಮದಲ್ಲಿ ಇದು ಸ್ಪಷ್ಟವಾಗಿ ಇದೆ, ಜೊತೆಗೆ ಮಗುನ ಪದೇ ಪದೇ ಪ್ರಶ್ನೆ ಕೇಳಬೇಡಿ, ಮಗು ಹೇಳಿದ್ದನ್ನ ಅದರ ಮಾತಲ್ಲೇ ಬರೆದಿಡಿ, ತನಿಖೆ ನಿಮ್ಮ ಕೆಲಸ ಅಲ್ಲ ಅಂತಾನೂ ಇದೆ. ನೋಡಿ ಸಮಾಧಾನ ಆಯ್ತು.

ದಾಖಲೆ ಇಡೋ ರೀತಿ ಅಚ್ಚುಕಟ್ಟು. ಸ್ಕೂಲ್ ಫೈಲಲ್ಲಿ ಹಾಜರಿ ಮತ್ತೆ ಕೈಗೊಂಡ ಕ್ರಮ ಮಾತ್ರ, ಸೆಷನ್ ನೋಟ್ಸ್ ಬೇರೆ, ಬೀಗದಲ್ಲಿ. ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಇರೋ ಅಮೆರಿಕದ 1974ರ ಫರ್ಪಾ ಕಾಯ್ದೆಯಲ್ಲೂ ಇಂಥ ಒಂದು ಗೆರೆ ಇದೆ, ಬರೆದವರು ತಮ್ಮ ನೆನಪಿಗೆ ಅಂತ ತಾವೇ ಇಟ್ಕೊಂಡ ನೋಟ್ಸು ಸ್ಕೂಲ್ ದಾಖಲೆ ಅನ್ನಿಸ್ಕೊಳ್ಳಲ್ಲ, ಆದ್ರೆ ತಮ್ಮ ಬದಲಿಗೆ ತಾತ್ಕಾಲಿಕವಾಗಿ ಕೆಲಸಕ್ಕೆ ಬಂದೋರನ್ನ ಬಿಟ್ಟು ಬೇರೆಯವರಿಗೆ ತೋರಿಸಿದ್ರೆ ಆ ರಕ್ಷಣೆ ಹೋಗುತ್ತೆ. ರೂಮು ಚೆನ್ನಾಗಿದೆ, ಆಫೀಸ್ ಪಕ್ಕ ಇಲ್ಲ, ಲೈಬ್ರರಿ ಕಡೆಗಿದೆ, ಹಾಗಾಗಿ ಯಾರು ಹೋದ್ರು ಅಂತ ಯಾರೂ ನೋಡ್ತಾ ಕೂರಲ್ಲ. ಮಕ್ಕಳನ್ನ ಮೈಕಲ್ಲಿ ಕರೆಯಲ್ಲ.

ಈಗ ಸ್ಟಾರ್ ಕಟ್ ಆಗಿದ್ದು ಯಾಕೆ. ಮೊದಲನೇದು ತಿಂಗಳ ರಿಪೋರ್ಟು. ಮ್ಯಾನೇಜ್‌ಮೆಂಟಿಗೆ ಕೊಡೋ ಆ ರಿಪೋರ್ಟಲ್ಲಿ ಮಕ್ಕಳ ಹೆಸರು ಇರಲ್ಲ, ಕ್ಲಾಸು, ಸೆಕ್ಷನ್ನು, ಹುಡುಗ ಹುಡುಗಿ, ಸಮಸ್ಯೆ ಯಾವ ಥರದ್ದು ಅಂತ ಪಟ್ಟಿ ಇರುತ್ತೆ. ಕೇಳೋಕೆ ಸರಿಯಾಗೇ ಇದೆ. ಆದ್ರೆ ಒಂದು ಸೆಕ್ಷನ್‌ನಲ್ಲಿ ಒಂದೇ ಹುಡುಗಿ ಆ ತಿಂಗಳು ಹೋಗಿದ್ರೆ, ಎದುರಿಗೆ "ಕುಟುಂಬ ಕಲಹ" ಅಂತ ಬರೆದಿದ್ರೆ, ಅದು ಯಾರು ಅಂತ ಗೊತ್ತಾಗೋಕೆ ಹೆಸರು ಬೇಕಾ? ಮೊದಲ ದಿನ ಮಗುಗೆ ಕೊಟ್ಟ ಮಾತು ಹೀಗೆ ಹಿಂಬಾಗಿಲಿಂದ ಆಚೆ ಹೋಗ್ತಿದೆ. ಇಷ್ಟು ಎಚ್ಚರ ಇರೋ ಸಂಸ್ಥೆ ಇದನ್ನ ನೋಡದೇ ಇದ್ದಿದ್ದು ನನಗೆ ತುಂಬಾ ಬೇಜಾರಾಯ್ತು. ಸೆಕ್ಷನ್ ತೆಗೀಬೇಕು, ತೀರಾ ಕಮ್ಮಿ ಸಂಖ್ಯೆ ಇರೋ ಕಡೆ ಹೈಸ್ಕೂಲ್ ಎಲ್ಲ ಸೇರಿಸಿ ಒಂದೇ ಲೆಕ್ಕ ಕೊಡಬೇಕು, ಕಷ್ಟದ ಕೆಲಸ ಏನಲ್ಲ.

ಎರಡನೇದು ರಜೆ. ದೊಡ್ಡ ರಜೆಯಲ್ಲಿ ಸರ್ವಿಸ್ ಪೂರ್ತಿ ನಿಂತುಬಿಡುತ್ತೆ. ಆಳವಾದ ತೊಂದರೇಲಿರೋ ಮಕ್ಕಳನ್ನ ಯಾರಿಗೆ ಒಪ್ಪಿಸಿ ಹೋಗ್ತಾರೆ ಅನ್ನೋದು ಒಪ್ಪಂದದಲ್ಲಿ ಇಲ್ಲ, ಕೌನ್ಸೆಲರ್‌ಗಳು ತಮ್ಮ ಒಳ್ಳೆತನಕ್ಕೆ ಫೋನ್ ಮಾಡಿ ವಿಚಾರಿಸ್ತಾರೆ. ಒಳ್ಳೆತನದ ಮೇಲೆ ನಿಲ್ಲಿಸೋ ವಿಷಯ ಅಲ್ಲ ಇದು. ಮೂರನೇದು ಗುಂಪು ಸೆಷನ್, ಇಲ್ಲಿ ಕೇಳಿದ್ದು ಹೊರಗೆ ಹೇಳಬೇಡಿ ಅಂತ ಮಕ್ಕಳಿಗೆ ಹೇಳ್ತಾರೆ ಸರಿ, ಆದ್ರೆ ಬೇರೆ ಮಕ್ಕಳು ಹೇಳಲ್ಲ ಅಂತ ಕೌನ್ಸೆಲರ್ ಗ್ಯಾರಂಟಿ ಕೊಡೋಕಾಗಲ್ಲ ಅನ್ನೋದನ್ನ ಅಷ್ಟೇ ಸ್ಪಷ್ಟವಾಗಿ ಹೇಳಲ್ಲ.

ಸ್ಕೂಲಿಗೆ ಇಂಥ ಸರ್ವಿಸ್ ತರೋಕೆ ಹೊರಟಿರೋರು ಡೆಮೋ ನೋಡಿ ಮಾರುಹೋಗಬೇಡಿ. ಮೊದಲ ಸೆಷನ್‌ನಲ್ಲಿ ಮಗುಗೆ ಏನು ಹೇಳ್ತೀರ ಅದನ್ನ ಈಗ ನನ್ನ ಮುಂದೆ ಹೇಳಿ ತೋರಿಸಿ ಅನ್ನಿ. ಮನೆಯೇ ಅಪಾಯ ಆಗಿದ್ರೆ ಮೊದಲು ಯಾರಿಗೆ ಫೋನ್ ಮಾಡ್ತೀರ ಅಂತ ಕೇಳಿ. ಪ್ರಿನ್ಸಿಪಾಲರು ನೋಟ್ಸ್ ತೋರಿಸಿ ಅಂದ್ರೆ ಏನು ಮಾಡ್ತೀರ ಕೇಳಿ, ಇದನ್ನ ಪ್ರಿನ್ಸಿಪಾಲರ ಎದುರಿಗೇ ಕೇಳಿ. ಕೌನ್ಸೆಲರ್‌ಗಳಿಗೆ ಮಾರ್ಗದರ್ಶನ ಕೊಡೋ ಸೂಪರ್‌ವೈಸರ್ ಇದ್ದಾರಾ ಅಂತಾನೂ ಕೇಳಬೇಕು, ಇಷ್ಟು ಭಾರದ ನಿರ್ಧಾರಗಳನ್ನ ಒಬ್ಬರೇ ತಗೋಬಾರದು, ಬ್ರಿಟನ್ನಿನ ಕೌನ್ಸೆಲರ್‌ಗಳ ಸಂಘ ಬಿಎಸಿಪಿ ತನ್ನಿಂದ ಮಾನ್ಯತೆ (ಅಕ್ರೆಡಿಟೇಶನ್) ಪಡೆದ ಸದಸ್ಯರಿಗೆ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಇರಲೇಬೇಕು ಅಂತ ಇಟ್ಟಿದೆ. ಇನ್ನೊಂದು, ಪಾಠ ಮಾಡೋ ಟೀಚರನ್ನೇ ಕೌನ್ಸೆಲರ್ ಮಾಡಿ ದುಡ್ಡು ಉಳಿಸೋ ಯೋಚನೆ ದಯವಿಟ್ಟು ಬಿಡಿ, ಬೆಳಿಗ್ಗೆ ಮಾರ್ಕ್ಸ್ ಹಾಕಿದವರ ಹತ್ರ ಮಧ್ಯಾಹ್ನ ಮಗು ಏನು ಹೇಳ್ಕೊಳ್ಳುತ್ತೆ.

ರಿಪೋರ್ಟ್ ವಿಷಯ ಅವರಿಗೆ ಬರೆದು ಕೊಟ್ಟಿದೀನಿ. ಮುಂದಿನ ಟರ್ಮಿಂದ ಸೆಕ್ಷನ್ ಕಾಲಂ ತೆಗೀತೀವಿ ಅಂದಿದಾರೆ, ರಜೆ ವಿಷಯ ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತೀವಿ ಅಂದಿದಾರೆ. ಎರಡೂ ಆದ್ರೆ ಇಲ್ಲೇ ಬಂದು ಐದು ಸ್ಟಾರ್ ಮಾಡ್ತೀನಿ.